ಒಬ್ಬನೇ ಹೊರಟ ಹುಡುಗ: ಇಬ್ನು ಬತೂತ ಮತ್ತು ನಮ್ಮ ಕರಾವಳಿ

ಗುರಪ್ಪನಪಾಳ್ಯದ ನಮ್ಮ ಬೀದಿಯಲ್ಲಿ ಮರಗೆಲಸದ ಅಂಗಡಿ ಇಟ್ಟುಕೊಂಡಿರುವ ಸ್ನೇಹಿತರೊಬ್ಬರು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದರು. ಮುಖ ಸಪ್ಪಗಿತ್ತು. ಅವರ ಮಗ ಇಂಜಿನಿಯರಿಂಗ್ ಮುಗಿಸಿ ಬಿ.ಟಿ.ಎಂ. ಲೇಔಟಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿದೆ. ವಯಸ್ಸು ಇಪ್ಪತ್ತೆರಡು. ಸಂಬಳದಲ್ಲಿ ಉಳಿಸಿದ ಹಣದಲ್ಲಿ ಟರ್ಕಿಗೆ ಹೋಗುತ್ತಾನಂತೆ. ಟೂರಿನವರ ಜೊತೆ ಅಲ್ಲ, ಗೆಳೆಯರ ಜೊತೆಗೂ ಅಲ್ಲ, ಒಬ್ಬನೇ. ಮೂರು ವಾರ. ಸಾಮಾನು ಎಂದರೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡುತಂದ, ಬೆನ್ನಿಗೆ ಹಾಕಿಕೊಳ್ಳುವ ಒಂದು ಚೀಲ. "ಉಮ್ರಾಗೆ ಹೋಗುತ್ತೇನೆ ಅಂದಿದ್ದರೆ ಸಂತೋಷದಿಂದ ಕಳಿಸುತ್ತಿದ್ದೆ. ಕೆಲಸಕ್ಕೆ ದುಬೈಗೆ ಹೋಗುತ್ತೇನೆ ಅಂದಿದ್ದರೂ ಸರಿ. ಸುಮ್ಮನೆ ಊರು ನೋಡಲಿಕ್ಕೆ, ಅದೂ ಒಬ್ಬನೇ ಹೋಗುವುದು ಅಂದರೆ ಏನು ಸಾಬ್? ನಮ್ಮಲ್ಲಿ ಯಾರಾದರೂ ಹೀಗೆ ಹೋಗಿದ್ದುಂಟೇ? ನೀವು ಚರಿತ್ರೆ ಪಾಠ ಮಾಡಿದವರು, ಅವನಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು.

ಬುದ್ಧಿ ಹೇಳುವುದು ನನ್ನಿಂದ ಆಗಲಿಲ್ಲ. ನಮ್ಮಲ್ಲಿ ಯಾರಾದರೂ ಹೋಗಿದ್ದುಂಟೇ ಎಂಬ ಪ್ರಶ್ನೆಗೆ ನನಗೆ ಗೊತ್ತಿದ್ದ ಉತ್ತರ ಒಂದೇ. ಹೋಗಿದ್ದುಂಟು; ಸುಮಾರು ಏಳುನೂರು ವರ್ಷಗಳ ಹಿಂದೆ, ಇದೇ ವಯಸ್ಸಿನಲ್ಲಿ, ಒಬ್ಬನೇ. ಹಾಗೆ ಹೋದವನು ನಮ್ಮ ಹೊನ್ನಾವರದ ಅನ್ನವನ್ನೂ ಉಂಡಿದ್ದಾನೆ. ಮರುದಿನ ಸಂಜೆ ಅವರ ಮನೆಗೆ ಹೋಗಿ ತಂದೆ ಮಗ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಇಬ್ನು ಬತೂತನ ಹೆಸರನ್ನು ಕೇಳದವರು ಕಡಿಮೆ. ಶಾಲೆಯ ಪಾಠದಲ್ಲಿ ಮುಹಮ್ಮದ್ ಬಿನ್ ತುಘ್ಲಕನ ದೆಹಲಿಯ ಬಗ್ಗೆ ಬರೆದ ವಿದೇಶಿ ಪ್ರವಾಸಿ ಎಂದು ಒಂದು ಸಾಲಿನಲ್ಲಿ ಓದಿರುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಒಂದು ಸಾಲನ್ನು ಓದಿದ ಮಕ್ಕಳಿಗೆ ಗಡ್ಡ ನೆರೆತ, ಪೇಟ ಸುತ್ತಿದ ಒಬ್ಬ ಹಿರಿಯ ವಿದ್ವಾಂಸನ ಚಿತ್ರ ಕಣ್ಣ ಮುಂದೆ ಬರುತ್ತದೆ. ಮನೆ ಬಿಟ್ಟಾಗ ಆತನಿಗೆ ಇಪ್ಪತ್ತೊಂದು ವರ್ಷ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಆತನ ಪೂರ್ಣ ಹೆಸರು ಅಬೂ ಅಬ್ದುಲ್ಲಾ ಮುಹಮ್ಮದ್ ಬಿನ್ ಅಬ್ದುಲ್ಲಾ. 1304ರ ಫೆಬ್ರವರಿಯಲ್ಲಿ ಮೊರಾಕ್ಕೊ ದೇಶದ ತಂಜಾ ಎಂಬ ಊರಿನಲ್ಲಿ ಜನನ. ಇಂದು ಟ್ಯಾಂಜಿಯರ್ ಎಂದು ಕರೆಯುವ ಬಂದರು ಅದೇ. ಬರ್ಬರ್ ಜನಾಂಗದ ಲವಾತಾ ಬುಡಕಟ್ಟಿನ ಮನೆತನ; ಅದರಲ್ಲಿ ಹಲವರು ಖಾಝಿಗಳಾಗಿದ್ದವರು. ಹುಡುಗನೂ ಮಾಲಿಕೀ ಮಝ್‌ಹಬಿನ ನ್ಯಾಯಶಾಸ್ತ್ರವನ್ನು ಕಲಿತಿದ್ದ. 1325ರ ಜೂನ್ 14ರಂದು, ಅಂದರೆ ಹಿಜರಿ 725ರ ರಜಬ್ ತಿಂಗಳ ಎರಡರಂದು, ಹಜ್ಜ್ ನಿರ್ವಹಿಸುವ ಉದ್ದೇಶದಿಂದ ಆತ ಮನೆ ಬಿಟ್ಟ. ಜೊತೆಗೆ ಒಬ್ಬ ಸಂಗಾತಿಯೂ ಇರಲಿಲ್ಲ, ಸೇರಿಕೊಳ್ಳಲು ಒಂದು ಯಾತ್ರಿಕರ ತಂಡವೂ ಇರಲಿಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಅಗಲುವಾಗ ಎರಡೂ ಕಡೆ ನೋವಾಯಿತೆಂದು ಮುಪ್ಪಿನ ಹೊತ್ತಿಗೂ ಮರೆಯದೆ ಹೇಳಿಕೊಂಡಿದ್ದಾನೆ. ಈ ಮಾತು ಬಂದಾಗ ನಮ್ಮ ಸ್ನೇಹಿತರು ಮಗನ ಕಡೆ ನೋಡಿದರು.

ಮೊದಲ ಪ್ರಯಾಣದ ಮೊದಲ ತಿಂಗಳುಗಳು ಹೇಗಿದ್ದವು? ಈ ಭಾಗವನ್ನು ಜನ ಓದುವುದು ಕಡಿಮೆ. ಚೀನಾ, ದೆಹಲಿ, ಮಾಲ್ದೀವ್ಸ್ ಎಂದು ಬೇಗ ಬೇಗ ಪುಟ ಮಗುಚುತ್ತಾರೆ. ನನಗೆ ಮಾತ್ರ ಇದೇ ಭಾಗ ಹೆಚ್ಚು ಇಷ್ಟ.

ತಿಲಿಮ್ಸಾನ್ ಪಟ್ಟಣದಲ್ಲಿ ತೂನಿಸ್‌ನ ಸುಲ್ತಾನನ ಇಬ್ಬರು ರಾಯಭಾರಿಗಳು ಊರಿಗೆ ಹಿಂದಿರುಗುತ್ತಿದ್ದಾರೆಂದು ಕೇಳಿ ಹುಡುಗ ಅವರ ಬೆನ್ನು ಹತ್ತಿದ. ಅವರನ್ನು ಕೂಡಿಕೊಂಡದ್ದೇ ತಡ, ಬೇಸಿಗೆಯ ಬಿಸಿಲಿಗೆ ಇಬ್ಬರೂ ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ಆತ ಅಲ್ಲಿಂದ ವ್ಯಾಪಾರಿಗಳ ತಂಡವೊಂದರ ಜೊತೆ ಮುಂದುವರಿದ. ಬಿಜಾಯಾ ಪಟ್ಟಣ ತಲುಪುವಾಗ ಆತನಿಗೇ ಜ್ವರ. ಗುಣವಾಗುವ ತನಕ ಇಲ್ಲೇ ಇರು ಎಂದು ಜೊತೆಗಿದ್ದ ಹಿರಿಯರು ಹೇಳಿದರು. ಹುಡುಗ ಒಪ್ಪಲಿಲ್ಲ. ಮರಣ ಬರುವುದಿದ್ದರೆ ಹಿಜಾಝಿನ ಕಡೆ ಮುಖ ಮಾಡಿರುವಾಗ ದಾರಿಯಲ್ಲೇ ಬರಲಿ ಎಂಬುದು ಆತನ ಹಟ. ಆಗ ಆ ಹಿರಿಯರು ಒಂದು ಉಪಾಯ ಹೇಳಿದರು: ನಿನ್ನ ಸವಾರಿಯ ಪ್ರಾಣಿಯನ್ನೂ ಭಾರದ ಸಾಮಾನನ್ನೂ ಇಲ್ಲೇ ಮಾರಿಬಿಡು, ಬೇಕಾದ್ದನ್ನು ನಾನು ಎರವಲು ಕೊಡುತ್ತೇನೆ, ದಾರಿಯಲ್ಲಿ ದರೋಡೆಯ ಭಯವಿದೆ, ಹಗುರಾಗಿ ಬೇಗ ನಡೆಯಬೇಕು. ಆತ ಹಾಗೇ ಮಾಡಿದ. ಇಂದು ನಮ್ಮ ಹುಡುಗರು ಒಂದೇ ಚೀಲದಲ್ಲಿ ಮೂರು ವಾರ ಕಳೆಯಲು ಏನೇನು ಬಿಡಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಆ ಲೆಕ್ಕಾಚಾರ ಬಿಜಾಯಾದಲ್ಲಿ ಆಗಲೇ ನಡೆದಿತ್ತು.

ಜ್ವರ ಬಿಡಲಿಲ್ಲ. ನಿತ್ರಾಣದಿಂದ ಕೆಳಗೆ ಬೀಳಬಾರದೆಂದು ಪೇಟದ ಬಟ್ಟೆಯಿಂದ ತನ್ನನ್ನು ಜೀನಿಗೆ ಕಟ್ಟಿಕೊಂಡು ಸವಾರಿ ಮಾಡಿದ. ಕುಸಂತೀನಾ ಊರಿನ ಹೊರಗೆ ತಂಗಿದ ರಾತ್ರಿ ಜೋರು ಮಳೆ ಬಂದು ಡೇರೆ, ಬಟ್ಟೆ ಎಲ್ಲ ನೆನೆದು ಮಣ್ಣಾಯಿತು. ಮರುದಿನ ಊರಿನ ಅಧಿಕಾರಿ ಹುಡುಗನ ಕೊಳೆಯಾದ ಬಟ್ಟೆಗಳನ್ನು ನೋಡಿ ತನ್ನ ಮನೆಯಲ್ಲಿ ಒಗೆಸಿಕೊಟ್ಟರು. ಹರಿದುಹೋಗಿದ್ದ ಹೊದಿಕೆಯ ಬದಲು ಹೊಸದೊಂದನ್ನು ಕೊಟ್ಟರು; ಅದರ ಸೆರಗಿನಲ್ಲಿ ಎರಡು ಚಿನ್ನದ ದೀನಾರ್ ಗಂಟು ಕಟ್ಟಿತ್ತು. ದಾರಿಯಲ್ಲಿ ತನಗೆ ಸಿಕ್ಕಿದ ಮೊದಲ ನೆರವು ಇದೆಂದು ಇಬ್ನು ಬತೂತ ಲೆಕ್ಕವಿಟ್ಟು ಹೇಳಿದ್ದಾನೆ. ಮುಂದೆ ಸುಲ್ತಾನರು ಸಾವಿರಾರು ದೀನಾರ್ ಕೊಟ್ಟರೂ ಈ ಎರಡು ದೀನಾರ್ ಮರೆತುಹೋಗಲಿಲ್ಲ.

ತೂನಿಸ್ ತಲುಪಿದ ದಿನದ ವಿಷಯ ಇನ್ನೂ ಹೃದಯಕ್ಕೆ ತಟ್ಟುವಂಥದು. ತಂಡ ಬಂದಿತೆಂದು ಊರಿನವರು ಎದುರುಗೊಳ್ಳಲು ಬಂದರು. ಎಲ್ಲರಿಗೂ ಅವರವರ ಪರಿಚಿತರು ಸಲಾಂ ಹೇಳಿದರು, ಕ್ಷೇಮ ವಿಚಾರಿಸಿದರು. ಈ ಹುಡುಗನಿಗೆ ಸಲಾಂ ಹೇಳಲು ಅಲ್ಲಿ ಯಾರೂ ಇರಲಿಲ್ಲ. ದುಃಖ ತಡೆಯಲಾಗದೆ ಅತ್ತುಬಿಟ್ಟ. ಅದನ್ನು ಗಮನಿಸಿದ ಯಾತ್ರಿಕರೊಬ್ಬರು ಹತ್ತಿರ ಬಂದು ಸಲಾಂ ಹೇಳಿ, ಊರೊಳಗೆ ಹೋಗುವ ತನಕ ಮಾತನಾಡಿಸುತ್ತಾ ಜೊತೆಗೇ ಇದ್ದರು. ಆ ರಾತ್ರಿ ಆತ ಉಳಿದದ್ದು ಪುಸ್ತಕ ವ್ಯಾಪಾರಿಗಳ ಹೆಸರಿನ ಒಂದು ಮದ್ರಸದಲ್ಲಿ.

ಇದಾಗಿ ಕೆಲವೇ ವಾರಗಳಲ್ಲಿ ತೂನಿಸ್‌ನಿಂದ ಹೊರಟ ಹಜ್ಜ್ ಯಾತ್ರಿಕರ ತಂಡ ಇದೇ ಹುಡುಗನನ್ನು ತನ್ನ ಖಾಝಿಯಾಗಿ ಆರಿಸಿತು. ಅಳುತ್ತಾ ಊರು ಪ್ರವೇಶಿಸಿದವನು ನ್ಯಾಯ ಹೇಳುವವನಾಗಿ ಹೊರಬಿದ್ದ. ಇದು ಪವಾಡವೇನೂ ಅಲ್ಲ. ಆತನ ಗಂಟಿನಲ್ಲಿ ಇದ್ದದ್ದು ಎರಡು ದೀನಾರ್, ತಲೆಯಲ್ಲಿ ಇದ್ದದ್ದು ವಿದ್ಯೆ. ಮಗ್ರಿಬ್‌ನಿಂದ ಚೀನಾದ ಬಂದರುಗಳ ತನಕ ಮುಸ್ಲಿಮರು ಇದ್ದ ಕಡೆಯಲ್ಲೆಲ್ಲಾ ಮದುವೆ, ಆಸ್ತಿ, ವ್ಯಾಪಾರದ ತಕರಾರುಗಳನ್ನು ತೀರ್ಮಾನಿಸಲು ನ್ಯಾಯಶಾಸ್ತ್ರ ಓದಿದವರು ಬೇಕಾಗಿದ್ದರು. ಅರಬೀ ಭಾಷೆ ಎಲ್ಲ ಕಡೆ ಒಂದಷ್ಟು ಜನರಿಗೆ ಗೊತ್ತಿತ್ತು. ಪಾಸ್‌ಪೋರ್ಟ್ ಇಲ್ಲದ ಕಾಲದಲ್ಲಿ ಆತನ ಪಾಸ್‌ಪೋರ್ಟ್ ಅದೇ. ಮುಂದೆ ದೆಹಲಿಯಲ್ಲೂ ಮಾಲ್ದೀವ್ಸಿನಲ್ಲೂ ಆತನಿಗೆ ಉದ್ಯೋಗ ಕೊಡಿಸಿದ್ದೂ ಅದೇ.

ಕಲಿಯುವುದನ್ನು ಆತ ದಾರಿಯಲ್ಲೂ ನಿಲ್ಲಿಸಲಿಲ್ಲ. 1326ರ ರಮಝಾನಿನಲ್ಲಿ ದಮಾಸ್ಕಸ್ ನಗರದ ಉಮವೀ ಮಸೀದಿಯಲ್ಲಿ ಕುಳಿತು ಸಹೀಹ್ ಬುಖಾರಿಯ ಪಾಠ ಕೇಳಿದ. ಅಲ್ಲಿ ಆತನಿಗೆ ಇಜಾಝ, ಅಂದರೆ ಬೋಧಿಸುವ ಅನುಮತಿ ಕೊಟ್ಟ ವಿದ್ವಾಂಸರ ಪಟ್ಟಿಯಲ್ಲಿ ಇಬ್ಬರು ಮಹಿಳೆಯರಿದ್ದಾರೆ: ಝೈನಬ್ ಬಿಂತ್ ಅಹ್ಮದ್ ಮತ್ತು ಆಯಿಶಾ ಬಿಂತ್ ಮುಹಮ್ಮದ್. ಇವರಲ್ಲಿ ಝೈನಬ್ ಹದೀಸ್ ವಿದ್ಯೆಯಲ್ಲಿ ಬಹಳ ಹೆಸರಾದವರು, ಆಗ ಎಪ್ಪತ್ತು ದಾಟಿದ್ದ ವಯೋವೃದ್ಧೆ. ಆ ಕೆಲವೇ ದಿನಗಳಲ್ಲಿ ಇಷ್ಟೊಂದು ಪಾಠ ಹೇಗೆ ಸಾಧ್ಯವಾಯಿತು ಎಂದು ಸಂದೇಹಪಡುವ ಇತಿಹಾಸಕಾರರೂ ಇದ್ದಾರೆ. ಇರಲಿ. ಇಪ್ಪತ್ತೆರಡರ ಯುವಕನೊಬ್ಬ ಮಹಿಳಾ ವಿದ್ವಾಂಸರ ಹೆಸರನ್ನು ತನ್ನ ಗುರುಗಳ ಪಟ್ಟಿಯಲ್ಲಿ ಹೆಮ್ಮೆಯಿಂದ ಸೇರಿಸಿದ್ದನ್ನು ನಮ್ಮ ಸಂಘದ ಓದುಗರು ಗಮನಿಸಬೇಕು.

ದಮಾಸ್ಕಸ್ ಎಂದರೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ವಕ್ಫ್‌ಗಳನ್ನು ಕಂಡು ಆತ ಬೆರಗಾದ. ಹಜ್ಜಿಗೆ ಹೋಗಲಾಗದವರಿಗೆ, ಬಡ ಹೆಣ್ಣುಮಕ್ಕಳ ಮದುವೆಗೆ, ಸೆರೆಯಾದವರನ್ನು ಬಿಡಿಸುವುದಕ್ಕೆ, ದಾರಿಹೋಕರ ಊಟ ಬಟ್ಟೆಗೆ, ರಸ್ತೆ ರಿಪೇರಿಗೆ, ಹೀಗೆ ಒಂದೊಂದಕ್ಕೂ ಒಂದೊಂದು ವಕ್ಫ್. ಒಂದು ದಿನ ಓಣಿಯಲ್ಲಿ ಒಬ್ಬ ಗುಲಾಮ ಬಾಲಕನ ಕೈಯಿಂದ ಚೀನಾ ಪಿಂಗಾಣಿಯ ತಟ್ಟೆ ಬಿದ್ದು ಒಡೆಯಿತು. ಯಜಮಾನನ ಭಯದಿಂದ ನಿಂತಿದ್ದ ಆ ಬಾಲಕನಿಗೆ ದಾರಿಹೋಕರೊಬ್ಬರು, ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್ ನೋಡಿಕೊಳ್ಳುವವರ ಹತ್ತಿರ ಹೋಗು ಎಂದರು. ಬಾಲಕನಿಗೆ ಹೊಸ ತಟ್ಟೆಯ ಬೆಲೆ ಸಿಕ್ಕಿತು. ಒಡೆದ ತಟ್ಟೆಗೂ ವಕ್ಫ್! ನಮ್ಮ ಇಂದಿನ ವಕ್ಫ್ ಆಸ್ತಿಗಳ ಸ್ಥಿತಿಯನ್ನು ಬಲ್ಲವರು ಈ ಪುಟವನ್ನು ಓದಿ ನಿಟ್ಟುಸಿರು ಬಿಡಬಹುದು.

ಪವಿತ್ರ ಕುರ್‌ಆನ್ ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನನ್ನೂ ಸೇರಿಸಿದೆ. ಇಬ್ನುಸ್ಸಬೀಲ್ ಎಂಬುದು ಅಲ್ಲಿಯ ಪದ. ಅಕ್ಷರಶಃ ದಾರಿಯ ಮಗ. ಊರಿನಲ್ಲಿ ಆಸ್ತಿ ಇದ್ದವನೂ ದಾರಿಯಲ್ಲಿ ಕೈ ಬರಿದಾದರೆ ಆತನಿಗೂ ಪಾಲು ಉಂಟು. ಈ ಒಂದು ಪದದ ಬಲದ ಮೇಲೆ ಮುಸ್ಲಿಂ ಜಗತ್ತಿನ ಉದ್ದಗಲಕ್ಕೂ ಝಾವಿಯಾಗಳು, ಖಾನ್‌ಖಾಹ್‌ಗಳು, ಮುಸಾಫಿರ್‌ಖಾನೆಗಳು ಎದ್ದಿದ್ದವು. ಆದ್ದರಿಂದಲೇ ನಾನು ಆ ಹುಡುಗನಿಗೆ ಹೇಳಿದೆ: ಇಬ್ನು ಬತೂತ ಒಬ್ಬನೇ ಹೊರಟದ್ದು ನಿಜ, ಆದರೆ ಒಬ್ಬನೇ ನಡೆದ ದಾರಿ ಬಹಳ ಕಡಿಮೆ. ಅವನಿಗಿಂತ ಮೊದಲೇ ಯಾರೋ ದಾರಿಯಲ್ಲಿ ಬಾವಿ ತೋಡಿಸಿ ಇಟ್ಟಿದ್ದರು.

ಹುಡುಗ ಹೋಗಬೇಕೆಂದಿದ್ದ ಟರ್ಕಿಯ ವಿಷಯವನ್ನೂ ಹೇಳಿದೆ. 1330ರ ಆಸುಪಾಸಿನಲ್ಲಿ ಇಬ್ನು ಬತೂತ ಲಾಧಿಖ್ ಪಟ್ಟಣವನ್ನು, ಅಂದರೆ ಇಂದಿನ ದೆನಿಝ್ಲಿಯನ್ನು ಪ್ರವೇಶಿಸಿದಾಗ ಪೇಟೆಯಲ್ಲಿ ಅಂಗಡಿಗಳಿಂದ ಕೆಲವರು ಇಳಿದು ಬಂದು ಕುದುರೆಯ ಲಗಾಮು ಹಿಡಿದುಕೊಂಡರು. ಇನ್ನೊಂದು ಗುಂಪು ಬಂದು ಅವರನ್ನು ತಡೆಯಿತು. ಜಗಳ ಹತ್ತಿ ಚೂರಿಯೂ ಹೊರಬಂತು. ತುರ್ಕಿ ಭಾಷೆ ತಿಳಿಯದ ಪ್ರಯಾಣಿಕರು ಇವರು ದರೋಡೆಕೋರರೇ ಎಂದು ನಡುಗಿದರು. ಅರಬೀ ಬಲ್ಲ ಹಾಜಿಯೊಬ್ಬರು ಬಂದು ವಿಷಯ ಬಿಡಿಸಿ ಹೇಳಿದರು. ಇಬ್ಬರೂ ಅಖೀ ಎಂಬ ಯುವಕರ ಸಂಘದವರು. ಅತಿಥಿಗಳನ್ನು ಯಾರು ಮೊದಲು ಮನೆಗೆ ಕರೆದೊಯ್ಯಬೇಕು ಎಂಬುದಕ್ಕೆ ಜಗಳ! ಕೊನೆಗೆ ಚೀಟಿ ಎತ್ತಿ ತೀರ್ಮಾನಿಸಿದರು. ಇದನ್ನು ಕೇಳಿ ಹುಡುಗ ಜೋರಾಗಿ ನಕ್ಕ, ತಂದೆಯ ಮುಖವೂ ಸ್ವಲ್ಪ ಸಡಿಲಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಇಬ್ನು ಬತೂತ ಸಿಂಧೂ ನದಿ ದಾಟಿದ್ದು 1333ರ ಸೆಪ್ಟೆಂಬರಿನಲ್ಲಿ. ದೆಹಲಿಯಲ್ಲಿ ಖಾಝಿಯಾಗಿ, ಸುಲ್ತಾನನ ಕೃಪೆಗೂ ಕೋಪಕ್ಕೂ ಪಾತ್ರನಾಗಿ, ಕೊನೆಗೆ 1342ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೊರಟ. ಅಷ್ಟು ಹೊತ್ತಿಗೆ ಆತನ ಬಳಿ ಪರಿವಾರ, ದಾಸ ದಾಸಿಯರು ಎಲ್ಲ ಇದ್ದರು. ತಂಜಾದ ಒಂಟಿ ಹುಡುಗ ಎಂದೋ ಹೋಗಿದ್ದ. ಗುಜರಾತಿನಿಂದ ಹಡಗು ಹತ್ತಿ ಗೋವಾ ದಾಟಿ ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರುಗಳನ್ನು ಕಂಡ. ಆತನ ಬಾಯಲ್ಲಿ ಅವು ಹಿನವ್ರ್, ಅಬೂಸರೂರ್, ಫಾಕನೂರ್, ಮಂಜರೂರ್. ನಮ್ಮ ಬೆಂಗಳೂರಿನ ಕಡೆ ಆತ ಬರಲಿಲ್ಲ. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ಇದ್ದರೂ, ಕೆಂಪೇಗೌಡರು ಕೋಟೆ ಕಟ್ಟಲು ಆಗ ಇನ್ನೂ ಸುಮಾರು ಇನ್ನೂರು ವರ್ಷ ಬಾಕಿ ಇತ್ತು. ಜಯನಗರ, ಬನಶಂಕರಿಗಳೆಲ್ಲ ಹೊಲ, ಕೆರೆ, ಕುರುಚಲು ಕಾಡು ಇದ್ದಿರಬೇಕು.

ಕರಾವಳಿಯ ದಾರಿಯ ಬಗ್ಗೆ ಆತ ಕೊಟ್ಟಿರುವ ವಿವರ ಚಿನ್ನದಂಥದು. ಗೋವಾದಿಂದ ಕೊಲ್ಲಂವರೆಗೆ ಎರಡು ತಿಂಗಳ ಕಾಲುದಾರಿ, ಉದ್ದಕ್ಕೂ ಮರಗಳ ನೆರಳು. ಪ್ರತಿ ಅರ್ಧ ಮೈಲಿಗೆ ಮರದಿಂದ ಕಟ್ಟಿದ ಒಂದು ತಂಗುಮನೆ, ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಹಿಂದೂ. ಯಾವ ಮತದ ದಾರಿಹೋಕನಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು. ಹಿಂದೂಗಳಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮರಿಗೆ ಬೊಗಸೆಗೆ. ಆ ಕಾಲದ ಮಡಿ ಮೈಲಿಗೆಯನ್ನು ಆತ ಮುಚ್ಚಿಟ್ಟಿಲ್ಲ, ಅದರ ಮೇಲೆ ದೊಡ್ಡ ದೂರನ್ನೂ ಹೊರಿಸಿಲ್ಲ. ಬಾಯಾರಿದವನಿಗೆ ನೀರು ತಪ್ಪುತ್ತಿರಲಿಲ್ಲ. ತಂಗುದಾಣಗಳಲ್ಲೆಲ್ಲ ಮುಸ್ಲಿಮರ ಮನೆಗಳೂ ಇದ್ದವು. ಅವರು ಅಡುಗೆ ಮಾಡಿ ಬಾಳೆ ಎಲೆಯಲ್ಲಿ ಬಡಿಸುತ್ತಿದ್ದರು. ಸವಾರಿಗೆ ಪ್ರಾಣಿಗಳನ್ನು ಬಳಸುವವರಿಲ್ಲ; ವ್ಯಾಪಾರಿಗಳ ಸರಕು ಕೂಲಿಯಾಳುಗಳ ಬೆನ್ನ ಮೇಲೆಯೇ ಹೋಗಬೇಕು. ಇಷ್ಟು ಸುರಕ್ಷಿತವಾದ ದಾರಿಯನ್ನು ಬೇರೆಲ್ಲೂ ಕಾಣಲಿಲ್ಲ ಎಂಬುದು ಆತನ ಅಭಿಪ್ರಾಯ. ಮರದಿಂದ ಉದುರಿದ ಕಾಯನ್ನು ಸಹ ಒಡೆಯನಲ್ಲದೆ ಇನ್ನೊಬ್ಬ ಮುಟ್ಟುತ್ತಿರಲಿಲ್ಲ, ಶಿಕ್ಷೆ ಅಷ್ಟು ಕಠಿಣವಾಗಿತ್ತು.

ಬಸ್ರೂರಿನಲ್ಲಿ ಅಬೂ ಸಿತ್ತಾ ಎಂದು ಕರೆಯಲ್ಪಡುತ್ತಿದ್ದ ಶೇಖ್ ಜುಮಾ ಎಂಬ ಮುಸ್ಲಿಂ ಮುಖಂಡರು ಇದ್ದದ್ದನ್ನೆಲ್ಲ ಫಕೀರರಿಗಾಗಿ ಖರ್ಚು ಮಾಡುತ್ತಿದ್ದರು. ಬಾರ್ಕೂರಿನಲ್ಲಿ ಕಬ್ಬು ಚೆನ್ನಾಗಿ ಬೆಳೆಯುತ್ತಿತ್ತು. ಅಲ್ಲಿನ ಅರಸ ಬಾಸದೇವ್, ಅಂದರೆ ವಾಸುದೇವ. ಆತನ ಮೂವತ್ತು ಯುದ್ಧನೌಕೆಗಳ ನಾಯಕ ಲೂಲಾ ಎಂಬ ಮುಸ್ಲಿಮ. ಮಂಗಳೂರಿನಲ್ಲಿ ಫಾರ್ಸ್ ಮತ್ತು ಯಮನ್ ದೇಶಗಳ ವರ್ತಕರು ಇಳಿಯುತ್ತಿದ್ದರು, ಮೆಣಸು ಶುಂಠಿ ಬೇಕಾದಷ್ಟು. ಸುಮಾರು 4000 ಮುಸ್ಲಿಮರು ಊರ ಪಕ್ಕದ ಒಂದು ಕೇರಿಯಲ್ಲಿ ವಾಸವಾಗಿದ್ದರು. ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತೆಂದೂ, ಅರಸ ರಾಮದೇವನೇ ಮುಂದೆ ನಿಂತು ರಾಜಿ ಮಾಡಿಸುತ್ತಿದ್ದನೆಂದೂ, ಕಾರಣ ಆತನಿಗೆ ವರ್ತಕರು ಬೇಕಾಗಿದ್ದರೆಂದೂ ಇಬ್ನು ಬತೂತ ನೇರವಾಗಿ ಹೇಳುತ್ತಾನೆ. ಅಂದಿನ ಸೌಹಾರ್ದವನ್ನು ಬಣ್ಣಿಸುವಾಗ ನಾವು ಈ ಜಗಳದ ಭಾಗವನ್ನು ಬಿಟ್ಟು ಓದುತ್ತೇವೆ. ಜಗಳವನ್ನೇ ಹುಡುಕುವವರು ರಾಜಿಯ ಭಾಗವನ್ನು ಬಿಡುತ್ತಾರೆ. ಆತ ಎರಡನ್ನೂ ಬರೆಸಿದ್ದಾನೆ.

ಆತ ಹೆಚ್ಚು ಕಾಲ ನಿಂತದ್ದು ಹೊನ್ನಾವರದಲ್ಲಿ, ಒಟ್ಟು ಹನ್ನೊಂದು ತಿಂಗಳು. ದೊಡ್ಡ ಹಡಗುಗಳು ಒಳಗೆ ಬರುವಂಥ ಅಳಿವೆ, ಸಮುದ್ರದಿಂದ ಅರ್ಧ ಮೈಲಿ ಒಳಗೆ ಊರು. ಜನರು ಶಾಫಿಈ ಮಝ್‌ಹಬಿನವರು, ಸಮುದ್ರ ವ್ಯಾಪಾರವೇ ಜೀವನ. ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್ ಅಲ್ಲಿಯ ಆಡಳಿತಗಾರ. ಆತ ಹರ್ಯಬ್ ಎಂಬ ಹಿಂದೂ ಅರಸನ ಅಧೀನ. ಈ ಹರ್ಯಬ್ ಎಂದರೆ ವಿಜಯನಗರದ ಒಂದನೇ ಹರಿಹರ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ಹೆಂಗಸರು ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ ಮತ್ತು ಎದೆಯ ಮೇಲೆ ಹೊದ್ದುಕೊಳ್ಳುತ್ತಿದ್ದರು, ಮೂಗಿಗೆ ಚಿನ್ನದ ಮೂಗುತಿ. ಸೀರೆಯ ಇಷ್ಟು ಹಳೆಯ ವರ್ಣನೆ ಅರಬೀ ಗ್ರಂಥದಲ್ಲಿ ಸಿಗುವುದೇ ಒಂದು ಸೊಗಸು.

ಆತನನ್ನು ಬೆರಗುಗೊಳಿಸಿದ್ದು ಮಾತ್ರ ಬೇರೆ. ಆ ಊರಿನ ಹೆಂಗಸರೆಲ್ಲರಿಗೂ ಕುರ್‌ಆನ್ ಕಂಠಪಾಠವಿತ್ತು ಎನ್ನುತ್ತಾನೆ. ಹೆಣ್ಣುಮಕ್ಕಳಿಗೆ ಕಲಿಸುವ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡೆ, ಇಂಥದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಸಾಕ್ಷಿ ನುಡಿದಿದ್ದಾನೆ. ಎಲ್ಲರೂ ಎಂಬ ಮಾತು ಪ್ರವಾಸಿಯ ಉತ್ಸಾಹದ್ದಿರಬಹುದು. ಆದರೆ 13 ಮತ್ತು 23 ಎಂಬುವು ಲೆಕ್ಕ ಹಾಕಿ ಹೇಳಿದ ಅಂಕಿಗಳು. ಅಂದಾಜಿಗೆ ಹೇಳುವವನು ಹತ್ತು, ಇಪ್ಪತ್ತು ಎನ್ನುತ್ತಾನೆ. ಈ ಮಾತನ್ನು ಹೇಳಿದವನು ಕೈರೋ, ದಮಾಸ್ಕಸ್, ಬಗ್ದಾದ್, ಮಕ್ಕಾ, ದೆಹಲಿಗಳನ್ನು ಕಂಡವನು. ಉತ್ತರ ಕನ್ನಡದ ಒಂದು ಸಣ್ಣ ಬಂದರು ಆ ಮಹಾನಗರಗಳನ್ನೆಲ್ಲ ಒಂದು ವಿಷಯದಲ್ಲಿ ಮೀರಿಸಿತ್ತು, ಅದು ಹೆಣ್ಣುಮಕ್ಕಳ ಓದು. ಹೆಣ್ಣುಮಕ್ಕಳ ಶಾಲೆ ಇತ್ತೀಚಿನ ಹೊಸ ಚಟ ಎಂದು ಗೊಣಗುವ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿ ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಅವರಿಗೆ ಹೊನ್ನಾವರದ ಈ ಲೆಕ್ಕವನ್ನು ತೋರಿಸಬಹುದು.

ಊಟದ ವಿಷಯ ಬಂದಾಗ ಆತ ಮತ್ತೆ ಮೊದಲಿನ ಹುಡುಗನೇ ಆಗುತ್ತಾನೆ. ಸುಲ್ತಾನನ ಮನೆಯಲ್ಲಿ ತಾಮ್ರದ ಹರಿವಾಣದಲ್ಲಿ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳು. ಕೋಳಿ, ಮೀನು, ತರಕಾರಿ ಒಂದೊಂದಾಗಿ ಬಂದು ಕೊನೆಗೆ ಮಜ್ಜಿಗೆ. ಮಳೆಗಾಲವಾದ್ದರಿಂದ ಕುಡಿಯಲು ಬಿಸಿನೀರು. ಕರಾವಳಿಯವರು ಓದಿದರೆ ನಮ್ಮ ಮನೆಯ ಊಟವೇ ಎನ್ನುತ್ತಾರೆ. ಪಾಪ, ಗೋಧಿ ರೊಟ್ಟಿಯ ನಾಡಿನಿಂದ ಬಂದವನಿಗೆ ಹನ್ನೊಂದು ತಿಂಗಳು ರೊಟ್ಟಿಯ ಮುಖವೇ ಕಾಣಲಿಲ್ಲ. ಮುಂದೆ ಮಾಲ್ದೀವ್ಸ್, ಸಿಲೋನ್‌ಗಳಲ್ಲೂ ಮೂರು ವರ್ಷ ಅನ್ನವೇ. ಕಡೆಕಡೆಗೆ ನೀರು ಕುಡಿದು ಅನ್ನ ನುಂಗಬೇಕಾಯಿತು ಎಂದು ಹೇಳಿಕೊಂಡಿದ್ದಾನೆ.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಸುಲ್ತಾನನ ಉಡುಗೊರೆಗಳ ಹಡಗು ಒಡೆಯಿತು, ಆತನ ಸ್ವಂತ ಸಾಮಾನಿದ್ದ ಹಡಗು ಆತನನ್ನು ಬಿಟ್ಟು ಹೊರಟೇ ಹೋಯಿತು. ರಾಯಭಾರಿ ಪಟ್ಟ ಅಲ್ಲಿಗೇ ಮುಗಿಯಿತು. ದೆಹಲಿಗೆ ಹೋದರೆ ತಲೆ ಉಳಿಯುವ ಭರವಸೆ ಇಲ್ಲದೆ ಮತ್ತೆ ಹೊನ್ನಾವರಕ್ಕೆ ಬಂದ. ಅಲ್ಲಿ ಮಸೀದಿಯಲ್ಲಿ ಕುಳಿತು ದಿನಕ್ಕೊಮ್ಮೆ, ಆಮೇಲೆ ದಿನಕ್ಕೆರಡು ಬಾರಿ ಕುರ್‌ಆನ್ ಪೂರ್ತಿ ಓದುತ್ತಾ ತಿಂಗಳುಗಳನ್ನು ಕಳೆದ. ಜಮಾಲುದ್ದೀನನ 52 ಹಡಗುಗಳ ಜೊತೆ ಗೋವಾದ ಮೇಲಿನ ದಂಡಯಾತ್ರೆಗೂ ಹೋದ. ಕೆಲ ಕಾಲದ ನಂತರ ಇದೇ ಕಡಲಿನಲ್ಲಿ, ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಒಂದು ಸಣ್ಣ ದ್ವೀಪದ ಬಳಿ, ಹನ್ನೆರಡು ನೌಕೆಗಳಲ್ಲಿ ಬಂದ ಕಡಲ್ಗಳ್ಳರು ಆತನನ್ನು ದೋಚಿದರು. ಸಿಲೋನಿನ ಅರಸ ಕೊಟ್ಟ ರತ್ನಗಳು, ಬಟ್ಟೆಬರೆ ಎಲ್ಲ ಹೋಗಿ ಮೈಮೇಲೆ ಷರಾಯಿಯೊಂದೇ ಉಳಿಯಿತು. ಹಾಗೇ ಕಲ್ಲಿಕೋಟೆಯ ಮಸೀದಿ ಸೇರಿದ. ಒಬ್ಬ ವಿದ್ವಾಂಸರು ಅಂಗಿ ಕಳಿಸಿದರು, ಖಾಝಿ ಪೇಟ ಕಳಿಸಿದರು, ಒಬ್ಬ ವ್ಯಾಪಾರಿ ಇನ್ನೊಂದು ಬಟ್ಟೆ ಕಳಿಸಿದ. ಕುಸಂತೀನಾದ ಮಳೆಯ ಮರುದಿನ ಸಿಕ್ಕಿದಂಥದ್ದೇ ನೆರವು, ಇಪ್ಪತ್ತು ವರ್ಷಗಳ ನಂತರ.

ಇಷ್ಟು ಹೇಳುವಾಗ ಹುಡುಗನ ಕಣ್ಣು ಹೊಳೆಯುತ್ತಿತ್ತು. ಆಗ ಒಳಮನೆಯ ಪರದೆಯ ಹಿಂದಿನಿಂದ ಅವನ ತಾಯಿ ಕೇಳಿದರು: "ಭಾಯ್ ಸಾಬ್, ಅವನ ಅಮ್ಮನಿಗೆ ಏನಾಯಿತು?"

ಹೇಳದೆ ಉಪಾಯವಿರಲಿಲ್ಲ. ಇಬ್ನು ಬತೂತನಲ್ಲಿ ನಾವು ಮೆಚ್ಚುವ ಗುಣಗಳ ಜೊತೆ ಮೆಚ್ಚಲಾಗದವೂ ಇವೆ. ಊರೂರಲ್ಲಿ ಮದುವೆಯಾದ, ಹೆಂಡಂದಿರನ್ನು ಅಲ್ಲಲ್ಲೇ ಬಿಟ್ಟು ಹೊರಟ. ದಾಸಿಯರನ್ನು ಕೊಂಡ, ಕೊಟ್ಟ. ಅದು ಆ ಕಾಲದ ರೂಢಿ ಎಂದು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ದಮಾಸ್ಕಸ್ಸಿನಲ್ಲಿ ಗರ್ಭಿಣಿ ಹೆಂಡತಿಯನ್ನು ಬಿಟ್ಟು ಬಂದಿದ್ದ. ಗಂಡುಮಗು ಹುಟ್ಟಿತೆಂದು ಭಾರತದಲ್ಲಿದ್ದಾಗ ತಿಳಿದು, ಮಗುವಿನ ಅಜ್ಜನಿಗೆ ನಲವತ್ತು ಚಿನ್ನದ ದೀನಾರ್ ಕಳಿಸಿದ. 1348ರಲ್ಲಿ ಮತ್ತೆ ದಮಾಸ್ಕಸ್ಸಿಗೆ ಬಂದು ವಿಚಾರಿಸಿದರೆ ಮಗ ತೀರಿಹೋಗಿ ಹನ್ನೆರಡು ವರ್ಷಗಳಾಗಿದ್ದವು. ಅದೇ ಊರಿನಲ್ಲಿ ತಂಜಾದಿಂದ ಬಂದ ವಿದ್ವಾಂಸರೊಬ್ಬರು ಸಿಕ್ಕಿದರು. ತಂದೆ ತೀರಿಕೊಂಡು ಹದಿನೈದು ವರ್ಷಗಳಾದವು, ತಾಯಿ ಇದ್ದಾರೆ ಎಂದರು. ಲೆಕ್ಕ ಹಾಕಿದರೆ ಆತ ಸಿಂಧೂ ನದಿ ದಾಟಿದ ಕಾಲಕ್ಕೆ ತಂದೆ ಇಲ್ಲವಾಗಿದ್ದರು. ಅದು ತಿಳಿಯಲು ಹದಿನೈದು ವರ್ಷ ಬೇಕಾಯಿತು.

ಆ ವರ್ಷ ಪ್ಲೇಗು ಇಡೀ ಸಿರಿಯಾವನ್ನು ಬಡಿಯಿತು. ದಮಾಸ್ಕಸ್ಸಿನಲ್ಲಿ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ತಂತಮ್ಮ ಗ್ರಂಥಗಳನ್ನು ಹಿಡಿದು ಬರಿಗಾಲಲ್ಲಿ ಒಟ್ಟಾಗಿ ನಡೆದು ಪ್ರಾರ್ಥಿಸಿದ್ದನ್ನು ಆತ ಕಂಡ. ಇನ್ನೊಮ್ಮೆ ಹಜ್ಜ್ ಮಾಡಿ 1349ರಲ್ಲಿ ಮೊರಾಕ್ಕೊ ಪ್ರವೇಶಿಸಿದ. ತಾಝಾ ಎಂಬ ಊರಿನಲ್ಲಿ ಸುದ್ದಿ ಸಿಕ್ಕಿತು: ತಾಯಿ ಅದೇ ಪ್ಲೇಗಿಗೆ ತುತ್ತಾಗಿದ್ದರು. ಇಪ್ಪತ್ತನಾಲ್ಕು ವರ್ಷಗಳ ಬಳಿಕ ತಂಜಾಕ್ಕೆ ಹೋದದ್ದು ತಾಯಿಯ ಕಬ್ರ್ ಕಾಣಲು.

ಆಮೇಲೂ ಆತ ಸುಮ್ಮನೆ ಕೂರಲಿಲ್ಲ. ಸ್ಪೇನಿಗೆ ಹೋದ, ಮರುಭೂಮಿ ದಾಟಿ ಮಾಲಿ ಸಾಮ್ರಾಜ್ಯ ಕಂಡ. ಕೊನೆಗೆ ಫೆಝ್ ನಗರದಲ್ಲಿ ಸುಲ್ತಾನನ ಆಜ್ಞೆಯಂತೆ ತನ್ನ ನೆನಪುಗಳನ್ನು ಇಬ್ನು ಜುಝಯ್ಯ್ ಎಂಬ ಯುವ ಸಾಹಿತಿಗೆ ಹೇಳಿ ಬರೆಸಿದ. ಗ್ರಂಥ ಮುಗಿದದ್ದು 1355ರಲ್ಲಿ. ಟಿಪ್ಪಣಿಗಳು ಕಳೆದುಹೋಗಿದ್ದರಿಂದ ಹೆಚ್ಚಿನದೆಲ್ಲ ನೆನಪಿನಿಂದಲೇ. ಅದಕ್ಕೇ ಕೆಲವು ಕಡೆ ವರ್ಷ ತಪ್ಪಿದೆ, ಕೆಲವು ಊರುಗಳಿಗೆ ಹೋಗಿದ್ದನೋ ಇಲ್ಲವೋ ಎಂಬ ವಾದವೂ ಇದೆ. ಒಟ್ಟು ಸುತ್ತಿದ ದೂರ 1,17,000 ಕಿಲೋಮೀಟರ್ ಎಂಬ ಅಂದಾಜಿದೆ. ಮುಂದೆ ಮೊರಾಕ್ಕೊದ ಒಂದು ಊರಿನಲ್ಲಿ ಖಾಝಿಯಾಗಿದ್ದು ತೀರಿಕೊಂಡ.

ಪರದೆಯ ಹಿಂದೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ನಮ್ಮ ಸ್ನೇಹಿತರೇ ಮೌನ ಮುರಿದರು. ಅಲ್ಲಾಹನು ತಳ್ಳಿಹಾಕದ ಮೂರು ಪ್ರಾರ್ಥನೆಗಳ ಬಗ್ಗೆ ಅಬೂದಾವೂದ್ ಗ್ರಂಥದಲ್ಲಿರುವ ಹದೀಸನ್ನು ಅವರು ಜುಮಾ ಭಾಷಣದಲ್ಲಿ ಕೇಳಿದ್ದರು: ಮರ್ದಿತನದ್ದು, ಪ್ರಯಾಣಿಕನದ್ದು, ಮತ್ತು ತಂದೆಯದ್ದು. "ಹಾಗಾದರೆ ಇವನು ಅಲ್ಲಿಂದ ನಮಗೆ ದುಆ ಮಾಡಲಿ, ನಾವು ಇಲ್ಲಿಂದ ಇವನಿಗೆ ಮಾಡುತ್ತೇವೆ" ಎಂದರು. ತಾಯಿಯ ಒಪ್ಪಿಗೆ ಒಂದು ಷರತ್ತಿನ ಮೇಲೆ ಸಿಕ್ಕಿತು. ದಿನಕ್ಕೊಮ್ಮೆ, ಮಗ್ರಿಬ್ ನಮಾಝಿನ ನಂತರ ಫೋನ್ ಮಾಡಬೇಕು. ಎಲ್ಲಿಯ ಮಗ್ರಿಬ್, ಅಲ್ಲಿಯದೋ ಇಲ್ಲಿಯದೋ ಎಂದು ಹುಡುಗ ಕೇಳಿದ. "ಬೆಂಗಳೂರಿನದು" ಎಂದರು ತಾಯಿ.